ಸಹಾಯ ಬೇಕು: ‘ದಿ ಐ ಆಫ್ ದ ವರ್ಲ್ಡ್’ ಒಂದು ವಾರಕ್ಕೆ ಓದಲು ಕೊಡುತ್ತೀರಾ?

ಎಲ್ಲರಿಗೂ ನಮಸ್ಕಾರ. ರಾಬರ್ಟ್ ಜೋರ್ಡನ್ ಅವರ ಈ ಕಾದಂಬರಿ ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಇದೆಯಾ? ‘ವೀಲ್ ಆಫ್ ಟೈಮ್’ ಫ್ಯಾಂಟಸಿ ಸರಣಿಯ ಮೊದಲ ಪುಸ್ತಕ, 1990ರಲ್ಲಿ ಬಂದದ್ದು.

ಅವೆನ್ಯೂ ರಸ್ತೆಯಲ್ಲಿ ಹಳೆ ಪ್ರತಿ ಕೊಂಡಿದ್ದೆ. ಮೊದಲು ಸ್ವಲ್ಪ ನಿಧಾನ ಅನ್ನಿಸಿತು. ಆಮೇಲೆ ಕಥಾನಾಯಕ ರ‍್ಯಾಂಡ್ ಗಾಯಗೊಂಡ ಅಪ್ಪನನ್ನು ರಾತ್ರಿಯಿಡೀ ಕಾಡಿನಲ್ಲಿ ಎಳೆದುಕೊಂಡು ಊರಿಗೆ ತರುವ ಭಾಗ ಬಂತು. ಜ್ವರದಲ್ಲಿ ಅಪ್ಪ ಏನೇನೋ ಕನವರಿಸುತ್ತಾನೆ, ಮಗನಿಗೆ ತಾನು ಯಾರು ಅನ್ನೋದೇ ಅನುಮಾನ ಆಗುತ್ತದೆ. ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಈಗ ಅವನೂ ಜೊತೆಗಾರರೂ ಬ್ಲೈಟ್ ಎಂಬ, ಕೆಟ್ಟ ಶಕ್ತಿ ಆವರಿಸಿದ ನಾಡಿನೊಳಗೆ ಕಾಲಿಟ್ಟಿದ್ದಾರೆ, ಅಷ್ಟರಲ್ಲಿ ಪುಟಗಳೇ ಮುಗಿದವು. ಕೊನೆಯ ಅಧ್ಯಾಯಗಳು ಕಿತ್ತುಹೋಗಿವೆ! ದಯವಿಟ್ಟು ಮುಂದಿನ ಕಥೆ ಹೇಳಬೇಡಿ.

ಜಯನಗರ, ಬಸವನಗುಡಿ ಕಡೆ ಆದರೆ ನಾನೇ ಬಂದು ತಗೊಳ್ತೀನಿ. ಬೈಂಡ್ ಹಾಕಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.

ಇನ್ನೊಂದು ಮಾತು. ಒಟ್ಟು 14 ಪುಸ್ತಕ, ಜೊತೆಗೆ ಹಿಂದಿನ ಕಥೆಯ ‘ನ್ಯೂ ಸ್ಪ್ರಿಂಗ್’ ಬೇರೆ. ಇದಾದ ಮೇಲೆ ಅದನ್ನು ಓದಬೇಕಾ, ಸೀದಾ ಎರಡನೆಯದಕ್ಕೆ ಹೋಗಬೇಕಾ? ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಪೂರ್ತಿ ಮಾಡಿದರಲ್ವಾ, ಅಲ್ಲಿ ಬರವಣಿಗೆ ಬದಲಾಗಿದ್ದು ಗೊತ್ತಾಗುತ್ತಾ? ಓದಿದವರು ತಿಳಿಸಿ.