ಪಿಸಾರೊ ಬರೆದ ರೈತ ಹೆಂಗಸಿಗೆ ಮುಖವೇ ಇಲ್ಲ, ಯಾಕೆ?

ಬ್ರಹ್ಮಾವರದವ:
ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಉಡುಪಿಗೆ ಹೋಗಿ ಜಲವರ್ಣ ಕಲಿಯುತ್ತಿದ್ದೇನೆ. ಮೊನ್ನೆ ಒಂದು ಹಳೆ ಪುಸ್ತಕದಲ್ಲಿ ಫ್ರಾನ್ಸಿನ ಕಮೀಲ್ ಪಿಸಾರೊ ಬರೆದ ರೈತ ಹೆಂಗಸಿನ ಚಿತ್ರ ಕಂಡಿತು. ಬಗ್ಗಿ ನಿಂತಿದ್ದಾಳೆ. ತಲೆಗೆ ಕಟ್ಟಿದ ಬಟ್ಟೆಗೂ ಲಂಗಕ್ಕೂ ಮಾತ್ರ ನೀಲಿ. ಮುಖ ಅಂದರೆ ಒಂದು ಕಂದು ಚುಕ್ಕೆ. ಪಾದ ಇಲ್ಲವೇ ಇಲ್ಲ. ಬಲಗೈಯನ್ನು ಪೆನ್ಸಿಲಿನಲ್ಲಿ ಎರಡು ಸಲ ಬರೆದು, ಎರಡನ್ನೂ ಹಾಗೇ ಬಿಟ್ಟಿದ್ದಾರೆ! ನಾನು ಹೀಗೆ ಮಾಡಿದರೆ ನಮ್ಮ ಮಾಸ್ಟ್ರು ಸುಮ್ನೆ ಬಿಡುವುದಿಲ್ಲ. ಇದು ಅರ್ಧಕ್ಕೆ ನಿಲ್ಲಿಸಿದ್ದಾ, ಬೇಕಂತಲೇ ಹೀಗಾ?

ಮಂಗಳೂರಿನ ಡ್ರಾಯಿಂಗ್ ಟೀಚರ್:
ಸರ್, ಅದು ಬೇರೆಯವರಿಗೆ ತೋರಿಸಲಿಕ್ಕೆ ಬರೆದದ್ದಲ್ಲ. ದೊಡ್ಡ ಚಿತ್ರಕ್ಕೆ ಮೊದಲಿನ ತಯಾರಿ. ಬೆನ್ನು ಎಲ್ಲಿಂದ ಬಾಗುತ್ತದೆ, ಲಂಗ ಹೇಗೆ ಜೋಲುತ್ತದೆ, ಅಷ್ಟು ಗೊತ್ತಾದರೆ ಕೆಲಸ ಮುಗಿಯಿತು. ಪಿಸಾರೊ 1884ರಲ್ಲಿ ಎರಾನಿ ಎಂಬ ಹಳ್ಳಿಗೆ ಹೋದರು, 1903ರಲ್ಲಿ ಸಾಯುವವರೆಗೂ ಮನೆ ಅಲ್ಲೇ. 1888ರ ಅವರ ಸೇಬು ಕೊಯ್ಲಿನ ಚಿತ್ರ ಈಗ ಅಮೆರಿಕದ ಡಲ್ಲಾಸಿನಲ್ಲಿದೆ. ಪೂರ್ತಿ ಸಣ್ಣ ಸಣ್ಣ ಚುಕ್ಕೆಯಲ್ಲಿ ಕಟ್ಟಿದ್ದು. ಅಷ್ಟು ಚುಕ್ಕೆ ಇಡುವವರೆಗೆ ಯಾವ ಹೆಂಗಸು ಬಗ್ಗಿ ನಿಂತಾಳು ಹೇಳಿ? ಅದಕ್ಕೇ ಇಂಥ ಹಾಳೆಗಳು ಬೇಕು. ಮನೆಯವರು ಎಸೆಯಲಿಲ್ಲ, ನಮ್ಮ ಪುಣ್ಯ. 1950ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿಗೆ ರಾಶಿ ಕೊಟ್ಟರು.

ಮತ್ತೆ, ಪೆನ್ಸಿಲ್ ಗೆರೆಯ ಮೇಲೆ ಬಣ್ಣ ಒಣಗಿದರೆ ಆಮೇಲೆ ಉಜ್ಜಿದರೂ ಸರಿಯಾಗಿ ಹೋಗುವುದಿಲ್ಲ. ನಿಮ್ಮ ಮಾಸ್ಟ್ರಿಗೆ ಇದನ್ನೂ ಹೇಳಿ.

ಕೋಟದ ಗದ್ದೆಮನೆ:
ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೆ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟವಳು ನಾನು. ಬಗ್ಗಿದವಳ ಮುಖ ಬದುವಿನಲ್ಲಿ ನಿಂತವರಿಗೆ ಎಲ್ಲಿ ಕಾಣುತ್ತದೆ ಮಾರಾಯ್ರೆ? ಮೊದಲೆಲ್ಲ ಬೆನ್ನಿಗೆ ಗೊರಬು, ಅಂದರೆ ಮಳೆಗೆ ತಲೆಯಿಂದ ಬೆನ್ನಿಗೆ ಹಾಕುವ ಎಲೆಯ ಹೊದಿಕೆ, ಬೇರೆ ಇರುತ್ತಿತ್ತು. ಗೊರಬು, ಅದರಡಿ ಎರಡು ಕಾಲು, ಅಷ್ಟೇ. ನಿಮ್ಮ ಪಿಸಾರೊ ಕಂಡದ್ದನ್ನೇ ಬರೆದಿದ್ದಾರೆ. ಆ ಎರಡು ಕೈಯೂ ತಪ್ಪಲ್ಲ ಅನಿಸುತ್ತದೆ. ನೋಡುತ್ತಿರುವಾಗಲೇ ಕೈ ಸರಿದಿರಬೇಕು.

ಬ್ರಹ್ಮಾವರದವ:
ಗದ್ದೆಮನೆ ಅಕ್ಕ, ನಿಮ್ಮ ಮಾತು ಕೇಳಿ ನಿನ್ನೆ ಕೊಡೆ ಹಿಡಿದು ನಮ್ಮ ಬೈಲಿಗೆ ಹೋದೆ. ಯಂತ್ರ ಇಳಿಯದ ಮೂಲೆಯಲ್ಲಿ ಮೂವರು ನೆಡುತ್ತಿದ್ದರು. ಗೊರಬಿಲ್ಲ, ನೀಲಿ ಪ್ಲಾಸ್ಟಿಕ್. ಬಲಗೈ ಬರೆದು ತಲೆ ಎತ್ತುವಷ್ಟರಲ್ಲಿ ಅವರು ಎರಡು ಹೆಜ್ಜೆ ಹಿಂದೆ. ನನ್ನ ಹಾಳೆಯಲ್ಲಿ ಒಬ್ಬಳಿಗೆ ಮೂರು ಬಲಗೈ. ಒರೆಸಿಲ್ಲ. ಮಳೆಗೆ ನೀಲಿ ಇನ್ನೂ ಒಣಗಿಲ್ಲ, ಫ್ಯಾನಿನಡಿ ಇಟ್ಟಿದ್ದೇನೆ. ಶನಿವಾರ ಮಾಸ್ಟ್ರಿಗೆ ತೋರಿಸುತ್ತೇನೆ.