ಸಹಾಯ ಬೇಕು: ಅಪ್ಪ-ಅಮ್ಮನ ಜೊತೆ ಯೂರೋಪಾ-ಪಾರ್ಕ್, ಒಂದು ದಿನ ಸಾಕಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮುಂದಿನ ತಿಂಗಳು ಹಾಸನದಿಂದ ಅಪ್ಪ-ಅಮ್ಮ ಬರ್ತಿದ್ದಾರೆ, ರುಸ್ಟ್‌ನ ಯೂರೋಪಾ-ಪಾರ್ಕ್ ಅನ್ನೋ ದೊಡ್ಡ ಥೀಮ್ ಪಾರ್ಕ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ. ರಿಂಗ್ಸ್‌ಹೈಮ್‌ವರೆಗೆ ರೈಲು, ಅಲ್ಲಿಂದ ಬಸ್ಸು ಅಂತ ಗೊತ್ತು. ತಲೆಬಿಸಿ ಇರೋದು ಒಳಗಡೆ ಹೋದ್ಮೇಲಿಂದು.

ಅಪ್ಪನಿಗೆ ಮಂಡಿನೋವು. ಗ್ರೀಸ್, ಇಟಲಿ, ಸ್ವಿಟ್ಜರ್ಲೆಂಡ್ ಅಂತ ಒಂದೊಂದು ದೇಶದ ಥರಾನೇ ಕಟ್ಟಿರೋ ಜಾಗಗಳು ಅಲ್ಲಿವೆಯಲ್ಲ, ಅಷ್ಟೂ ನಡೆಯೋಕಾಗಲ್ಲ. ಪಾರ್ಕ್ ಸುತ್ತೋ ಮೋನೋರೈಲ್ ಹತ್ತಿ ಇಳಿದು ನೋಡಿದ್ರೆ ಸುಧಾರಿಸಬಹುದಾ? ವಯಸ್ಸಾದವರು ಆರಾಮಾಗಿ ಕೂರೋ ದೋಣಿ, ಶೋ ಯಾವುದಿದೆ ಹೇಳಿ.

ಮಗನಿಗೆ ಅಲ್ಲಿನ ಸಿಲ್ವರ್ ಸ್ಟಾರ್ ರೋಲರ್ ಕೋಸ್ಟರ್ ಹುಚ್ಚು. 73 ಮೀಟರ್ ಎತ್ತರ ಅಂತೆ, ನನಗಂತೂ ಫೋಟೋ ನೋಡಿದ್ರೇ ತಲೆ ಸುತ್ತುತ್ತೆ! ಅದಕ್ಕೆ 1.40 ಮೀಟರ್ ಇರಬೇಕು, ಇವನು 1.36. ಬೇಜಾರಾಗದ ಹಾಗೆ ಬದಲಿಗೆ ಯಾವುದಕ್ಕೆ ಕೂರಿಸ್ಲಿ?

ಅಮ್ಮ ಮೊಟ್ಟೆನೂ ಮುಟ್ಟಲ್ಲ. ಫ್ರೈಸ್ ಬಿಟ್ಟು ಇನ್ನೇನು ಸಿಗುತ್ತೆ? ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಕೊಂಡೇ ಹೋಗ್ತೀವಿ, ಆದ್ರೂ ಕೇಳ್ತಿದೀನಿ.

ರುಲಾಂಟಿಕಾ ನೀರಿನ ಪಾರ್ಕ್‌ಗೆ ಟಿಕೆಟ್ ಬೇರೆ, ಅದನ್ನ ಬಿಟ್ಬಿಟ್ಟಿದೀವಿ. ವಯಸ್ಸಾದವರ ಜೊತೆ ಹೋಗಿ ಬಂದವರು ದಯವಿಟ್ಟು ತಿಳಿಸಿ, ಈ ವಾರವೇ ಟಿಕೆಟ್ ತಗೋಬೇಕು.