ದಿನಾ ಓಡಿಸುವ ಸಿ5 ಕಾರ್ವೆಟ್‌ಗೆ ಯಾವ ಕ್ಯಾಮ್‌ ಹಾಕಿಸಲಿ?

ಪ್ಲೇನೋ_ಸಿ5:

ನಮಸ್ಕಾರ. ನನ್ನ ಹತ್ತಿರ 2003ರ ಕಾರ್ವೆಟ್‌ ಸ್ಪೋರ್ಟ್ಸ್‌ ಕಾರಿದೆ. ಐದನೇ ತಲೆಮಾರಿನದು, ಅದಕ್ಕೇ ಸಿ5. ಎಲ್‌ಎಸ್‌1 ಎಂಜಿನ್‌, 6 ಗೇರಿನ ಮ್ಯಾನುಯಲ್‌. 92 ಸಾವಿರ ಮೈಲಿ ಓಡಿದೆ, ನಾನು ಮೂರನೇ ಓನರ್‌. ಭಾನುವಾರ ಕವರ್‌ ತೆಗೆದು, ಒರೆಸಿ, ಮತ್ತೆ ಕವರ್‌ ಹಾಕುವ ಕಾರಲ್ಲ ಇದು. ವಾರಕ್ಕೆ ನಾಲ್ಕು ದಿನ ಪ್ಲೇನೋದಿಂದ ಲಾಸ್‌ ಕೊಲಿನಾಸ್‌ಗೆ, ಜಾರ್ಜ್‌ ಬುಷ್‌ ಟರ್ನ್‌ಪೈಕ್‌ ಹಿಡಿದು ಆಫೀಸಿಗೆ ಹೋಗಿ ಬರುವುದು ಇದರಲ್ಲೇ. ಊರಿಂದ ಅಮ್ಮ ಬಂದಾಗ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೂ ಇದರಲ್ಲೇ. (ಹತ್ತಿಸಿದ್ದು ಸುಲಭ. ಇಳಿಸಲು ಇಬ್ಬರು ಬೇಕಾಯಿತು.)

ಈಗ ವಾಟರ್‌ ಪಂಪ್‌ ಸೋರುತ್ತಿದೆ. ಹೇಗೂ ಎಂಜಿನ್ನಿನ ಮುಂಭಾಗ ಬಿಚ್ಚಲೇಬೇಕು, ಹಾಗೇ ಕ್ಯಾಮ್‌ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ, ಉಬ್ಬುಗಳಿರುವ ದಂಡ) ಕೂಡ ಬದಲಾಯಿಸಿಬಿಡೋಣ ಅನ್ನಿಸಿತು. ಇಲ್ಲಿನ ಒಂದು ಶಾಪ್‌ನಲ್ಲಿ ವಿಚಾರಿಸಿದೆ. ಕೌಂಟರ್‌ನಲ್ಲಿದ್ದವನು ನಾನು ಕಾರನ್ನು ಎಲ್ಲಿ, ಹೇಗೆ ಓಡಿಸುತ್ತೇನೆ ಅಂತ ಕೇಳಲೇ ಇಲ್ಲ. ಫೋನ್‌ ತೆಗೆದು ಐಡಲ್‌ನಲ್ಲಿ ಗುಟುರು ಹಾಕುವ ಕಾರಿನ ವಿಡಿಯೋ ತೋರಿಸಿದ. ‘230/236, 111. ಇದನ್ನೇ ಹಾಕಿಸಿ’ ಅಂದ.

ಆ ಸದ್ದು ಕೇಳಿ ಮನಸ್ಸು ಕುಣಿಯಿತು ನಿಜ. ಆದರೆ ನಮ್ಮ ಜುಲೈ ಬಿಸಿಲಲ್ಲಿ ಎಸಿ ಹಾಕಿ ಟ್ರಾಫಿಕ್‌ನಲ್ಲಿ ನಿಂತರೆ ಗತಿ ಏನು? ಎಮಿಷನ್‌ ಟೆಸ್ಟ್‌ ಪಾಸಾಗುತ್ತದಾ? ಮೈಲೇಜ್‌ ಎಷ್ಟು ಬೀಳುತ್ತದೆ? ಆ ಮೂರು ನಂಬರ್‌ಗಳನ್ನು ಹೇಗೆ ಓದಬೇಕು ಅಂತ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ವಿ8_ಭಕ್ತ:

ಕಾರ್ವೆಟ್‌ ತಗೊಂಡು ಮೈಲೇಜ್‌ ಕೇಳ್ತೀರಲ್ಲ ಸ್ವಾಮಿ! 230 ಹಾಕಿಸಿ, ಕಿಟಕಿ ಇಳಿಸಿ, ಮಜಾ ಮಾಡಿ.

ಹಳೇ_ಸ್ಪ್ಯಾನರ್‌:

ಭಕ್ತರೇ, ನೀವು ಟ್ರಕ್‌ನಲ್ಲಿ ಆಫೀಸಿಗೆ ಹೋಗುವವರು. ನಿಮಗೇನು ಕಷ್ಟ.

ಪ್ಲೇನೋ ಅವರೇ, ನಿಮ್ಮ ಹಾಗೇ ವಿಡಿಯೋ ನೋಡಿ ಕೆಟ್ಟವನು ನಾನು. ನನ್ನದು 2001ರ ಸಿ5. ಏಳು ವರ್ಷದ ಹಿಂದೆ 228/232, 112ರ ಕ್ಯಾಮ್‌ ಹಾಕಿಸಿದೆ. ಎರಡು ಬೇಸಿಗೆ ಹಲ್ಲು ಕಚ್ಚಿಕೊಂಡು ಓಡಿಸಿದೆ. ಆಮೇಲೆ ನಮ್ಮ ಗ್ಯಾರೇಜಿನಲ್ಲಿ ನಾನೇ ಅದನ್ನು ಕಿತ್ತು 216/220, 114 ಹಾಕಿದೆ. ಈಗಲೂ ಅದೇ ಇದೆ.

ಮೊದಲ ವಾರ ಸ್ವರ್ಗ. ಸಿಗ್ನಲ್‌ನಲ್ಲಿ ನಿಂತರೆ ತೋಟದ ಡೀಸೆಲ್‌ ಪಂಪ್‌ಸೆಟ್‌ ತರ ಡಗ್‌, ಡಗ್‌, ಡಡಗ್‌. ಅರ್ವಿಂಗ್‌ನ ಏಕತಾ ಮಂದಿರದ ಪಾರ್ಕಿಂಗ್‌ನಲ್ಲಿ ಹುಡುಗರು ಫೋನ್‌ ಹಿಡಿದು ಹತ್ತಿರ ಬರುತ್ತಿದ್ದರು. ಒಳಗೆ ನಮ್ಮ ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿರುತ್ತಿದ್ದರು. ಅಷ್ಟು ಪೆಟ್ರೋಲ್‌ ವಾಸನೆ.

ಯಾಕೆ ಅಂತ ಹೇಳುತ್ತೇನೆ. ಮೊದಲೆರಡು ನಂಬರ್‌ ಡ್ಯುರೇಷನ್‌, ಗಾಳಿ ಒಳಬರುವ ಇನ್‌ಟೇಕ್‌ ವಾಲ್ವ್‌ದು ಮತ್ತು ಹೊಗೆ ಹೊರಹೋಗುವ ಎಕ್ಸಾಸ್ಟ್‌ ವಾಲ್ವ್‌ದು. ಲಿಫ್ಟರ್‌ (ಕ್ಯಾಮ್‌ ಉಬ್ಬಿನ ಮೇಲೆ ಕೂತು ಏಳುವ ತುಂಡು) 0.050 ಇಂಚು ಎದ್ದಲ್ಲಿಂದ ಮತ್ತೆ ಅಷ್ಟಕ್ಕೇ ಇಳಿಯುವಷ್ಟರಲ್ಲಿ ಕ್ರ್ಯಾಂಕ್‌ (ಪಿಸ್ಟನ್‌ಗಳು ತಿರುಗಿಸುವ ದಂಡ) ಎಷ್ಟು ಡಿಗ್ರಿ ತಿರುಗಿತು ಅನ್ನುವ ಲೆಕ್ಕ. ಮೂರನೆಯದು ಎಲ್‌ಎಸ್‌ಎ. ಕ್ಯಾಮ್‌ ಮೇಲೆ ಇನ್‌ಟೇಕ್‌ ಉಬ್ಬಿನ ತುದಿಗೂ ಎಕ್ಸಾಸ್ಟ್‌ ಉಬ್ಬಿನ ತುದಿಗೂ ಇರುವ ಕೋನ. ಈ ಮೂರರಿಂದ ಓವರ್‌ಲ್ಯಾಪ್‌ ಸಿಗುತ್ತದೆ, ಅಂದರೆ ಎರಡೂ ವಾಲ್ವ್‌ ಒಟ್ಟಿಗೆ ತೆರೆದಿರುವ ಹೊತ್ತು. ಪೆನ್ಸಿಲ್‌ ತಗೊಳ್ಳಿ. ಮೊದಲೆರಡನ್ನು ಕೂಡಿಸಿ ಅರ್ಧ ಮಾಡಿ. ಅದರಿಂದ ಮೂರನೆಯದರ ಎರಡರಷ್ಟನ್ನು ಕಳೆಯಿರಿ.

2002ರಿಂದ 2004ರವರೆಗೆ ಝಡ್‌06ನಲ್ಲಿ (ಸಿ5ರ ಜೋರಾದ ಮಾದರಿ) ಬಂದ ಎಲ್‌ಎಸ್‌6 ಎಂಜಿನ್ನಿನ ಕ್ಯಾಮ್‌ 204/218, 117.5. ಲೆಕ್ಕ ಹಾಕಿದರೆ ಮೈನಸ್‌ 24. ನಾನು ಕಿತ್ತು ಹಾಕಿದ್ದು ಪ್ಲಸ್‌ 6. ಈಗ ಇರುವುದು ಮೈನಸ್‌ 10. ನಿಮಗೆ ಆ ಶಾಪ್‌ನವನು ಹೇಳಿದ್ದು ಪ್ಲಸ್‌ 11. ಮೈನಸ್‌ ಅಂದರೆ ಓವರ್‌ಲ್ಯಾಪ್‌ ಇಲ್ಲವೇ ಇಲ್ಲ ಅಂತಲ್ಲ. ಲಿಫ್ಟರ್‌ 0.050 ಇಂಚು ಎದ್ದ ಮಟ್ಟದಲ್ಲಿ ಎರಡೂ ಒಟ್ಟಿಗೆ ತೆರೆದಿರುವುದಿಲ್ಲ, ಅಷ್ಟೇ.

ಐಡಲ್‌ನಲ್ಲಿ ಗಾಳಿಗೆ ವೇಗ ಇರುವುದಿಲ್ಲ. ಓವರ್‌ಲ್ಯಾಪ್‌ ಜಾಸ್ತಿ ಇದ್ದರೆ ಸುಟ್ಟ ಹೊಗೆ ಇನ್‌ಟೇಕ್‌ ಕಡೆಗೆ ವಾಪಸ್‌ ನುಗ್ಗುತ್ತದೆ. ಹೊಸ ಗಾಳಿ ಸುಡದೆ ಸೈಲೆನ್ಸರ್‌ ಕಡೆಗೂ ಜಾರುತ್ತದೆ. ಆಕ್ಸಿಜನ್‌ ಸೆನ್ಸರ್‌ ಆ ಗಾಳಿ ನೋಡಿ ‘ಪೆಟ್ರೋಲ್‌ ಸಾಲದು’ ಅಂತ ತಪ್ಪು ತಿಳಿದು ಇನ್ನಷ್ಟು ಸುರಿಸುತ್ತದೆ. ನಮ್ಮ ಮನೆಯವರ ರೇಷ್ಮೆ ಸೀರೆಗೆ ಹತ್ತಿದ್ದು ಅದೇ ವಾಸನೆ. ನಮಗೆ ಖುಷಿ ಕೊಡುವ ಆ ಡಗ್‌ ಡಗ್‌ ಕೂಡ ಎಂಜಿನ್‌ ಸರಿಯಾಗಿ ಸುಡಲಾಗದೆ ಮುಗ್ಗರಿಸುವ ಸದ್ದೇ. 6,000 ಆರ್‌ಪಿಎಂನಲ್ಲಿ ಕಥೆ ತಲೆಕೆಳಗು. ಹೊರಗೆ ಓಡುವ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದರೆ ನೀವು 6,000ದಲ್ಲಿ ಇರುವುದು ಯಾವಾಗ ಹೇಳಿ?

ಇದೇ ನನ್ನ ಮುಖ್ಯ ಮಾತು. ನಿಮ್ಮ ಕಾರಿನಲ್ಲಿ ಆರನೇ ಗೇರು 0.50, ಹಿಂದಿನ ಆಕ್ಸಲ್‌ 3.42. ಗಂಟೆಗೆ 70 ಮೈಲಿಯಲ್ಲಿ ಎಂಜಿನ್‌ ತಿರುಗುವುದು ಬರೀ 1,500. ಟರ್ನ್‌ಪೈಕ್‌ ಮೇಲೆ ನೀವು ಇರುವುದೇ ಅಲ್ಲಿ. ದೊಡ್ಡ ಕ್ಯಾಮ್‌ ಇನ್‌ಟೇಕ್‌ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಪಿಸ್ಟನ್‌ ಮೇಲೆ ಬರುತ್ತಾ ಒಳಗೆ ಬಂದ ಗಾಳಿಯನ್ನು ಹೊರಗೆ ತಳ್ಳಿಬಿಡುತ್ತದೆ. ನನ್ನ ಕಾರು 1,800ರ ಕೆಳಗೆ ಬಂದರೆ ಮೊಂಡು ಎತ್ತಿನ ತರ ಜಗ್ಗುತ್ತಿತ್ತು. ಆರನೇ ಗೇರು ಮರೆತು ಐದರಲ್ಲೇ ಓಡಿಸಿದೆ. ಅಲ್ಲಿ 2,200. ಹೈವೇ ಮೈಲೇಜ್‌ 27ರಿಂದ 22ಕ್ಕೆ ಬಂತು.

ಎಸಿ ಕಥೆ ಕೇಳಿ. ಟ್ಯೂನ್‌ ಮಾಡಿದವನು ಐಡಲನ್ನು 850ಕ್ಕೆ ಏರಿಸಿದ್ದ. ಹೊರಗೆ 105 ಡಿಗ್ರಿ ಫ್ಯಾರನ್‌ಹೀಟ್‌ ಇದ್ದಾಗ ಕಂಪ್ರೆಸರ್‌ ಕಚ್ಚಿದ ತಕ್ಷಣ ಮುಳ್ಳು 500ಕ್ಕೆ ಬಿದ್ದು ಮತ್ತೆ ಎದ್ದೇಳುತ್ತಿತ್ತು. ಒಂದೆರಡು ಸಲ ಎದ್ದೇಳಲೇ ಇಲ್ಲ. ಎಡಕ್ಕೆ ತಿರುಗುವ ಲೇನ್‌ನಲ್ಲಿ ಆಫ್‌ ಆಗಿ ನಿಂತಾಗ ಹಿಂದಿನವರು ಏನೇನು ಅಂದರೋ, ಹಾರ್ನ್‌ ಸದ್ದಿನಲ್ಲಿ ಕೇಳಿಸಲಿಲ್ಲ. ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಪೆಡಲ್‌ ಹಗುರ ಮಾಡುವ ಬ್ರೇಕ್‌ ಬೂಸ್ಟರ್‌ಗೂ ಇದರ ಪೆಟ್ಟಿದೆ. ಐಡಲ್‌ನಲ್ಲಿ 19 ಇಂಚು ಇದ್ದ ವ್ಯಾಕ್ಯೂಮ್‌ 12ಕ್ಕೆ ಇಳಿಯಿತು. ಪಾರ್ಕಿಂಗ್‌ ರ‍್ಯಾಂಪ್‌ನಲ್ಲಿ ಎರಡು ಮೂರು ಸಲ ಬ್ರೇಕ್‌ ಒತ್ತಿದರೆ ಪೆಡಲ್‌ ಕಲ್ಲು.

ಚಿಕ್ಕ ಕ್ಯಾಮ್‌ ಹಾಕಿ ಕಳೆದುಕೊಂಡಿದ್ದು ಏನು ಅಂತ ಕೇಳಿದರೆ, 14 ಕುದುರೆ ಶಕ್ತಿ. ಅದೇ ಹೆಡರ್‌ (ಹೊಗೆ ಕೊಳವೆ), ಅದೇ ಡೈನೋ (ಶಕ್ತಿ ಅಳೆಯುವ ಯಂತ್ರ): ಚಕ್ರದಲ್ಲಿ ದೊಡ್ಡದಕ್ಕೆ 372, ಚಿಕ್ಕದಕ್ಕೆ 358. ಆದರೆ 2,500ರಲ್ಲಿ ಚಿಕ್ಕದೇ 30 ಪೌಂಡ್‌-ಅಡಿ ಟಾರ್ಕ್‌ ಮುಂದೆ. ಕಾಲಿಟ್ಟ ತಕ್ಷಣ ಸಿಗುವ ಪಿಕಪ್‌ ಇದರಲ್ಲೇ ಜಾಸ್ತಿ.

ಪ್ಲೇನೋ_ಸಿ5:

ಸರ್‌, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎಮಿಷನ್‌ ಟೆಸ್ಟ್‌? ಮತ್ತೆ ನನ್ನದು 92 ಸಾವಿರ ಓಡಿರುವ ಎಂಜಿನ್‌. ಕ್ಯಾಮ್‌ ಜೊತೆ ಇನ್ನೇನು ಬದಲಾಯಿಸಬೇಕು?

ಬೇ_ಏರಿಯಾ_ಕಾರು:

ಟೆಕ್ಸಸ್‌ನವರು ಪುಣ್ಯವಂತರು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮ್‌ ಹಾಕಬೇಕಾದರೆ ಅದಕ್ಕೆ ರಾಜ್ಯದ ಏರ್‌ ಬೋರ್ಡ್‌ ಕೊಟ್ಟ ಇಒ ನಂಬರ್‌, ಅಂದರೆ ಒಪ್ಪಿಗೆ ನಂಬರ್‌, ಇರಬೇಕು. ಇಲ್ಲದಿದ್ದರೆ ಎಷ್ಟೇ ಚಿಕ್ಕ ಕ್ಯಾಮ್‌ ಆದರೂ ರಸ್ತೆಗೆ ಕಾನೂನುಬಾಹಿರ. ಈ ಕಡೆ ಬರುವ ಪ್ಲ್ಯಾನ್‌ ಇದ್ದರೆ ಮೊದಲು ಅದನ್ನು ನೋಡಿ.

ಹಳೇ_ಸ್ಪ್ಯಾನರ್‌:

ಟೆಕ್ಸಸ್‌ನಲ್ಲಿ 2025ರಿಂದ ಮಾಮೂಲಿ ಕಾರುಗಳಿಗೆ ಸೇಫ್ಟಿ ಇನ್ಸ್‌ಪೆಕ್ಷನ್‌ ಹೋಯಿತು, ಎಮಿಷನ್‌ ಟೆಸ್ಟ್‌ ಹೋಗಿಲ್ಲ. ನಿಮ್ಮ ಕಾಲಿನ್‌ ಕೌಂಟಿಯಲ್ಲಿ ಇದೆ. 24 ವರ್ಷದವರೆಗಿನ ಕಾರಿಗೆ ಬೇಕು, ಅಂದರೆ ನಿಮ್ಮದಕ್ಕೆ ಇನ್ನೂ ಬಿಡುಗಡೆ ಇಲ್ಲ. ಸೈಲೆನ್ಸರ್‌ಗೆ ಏನೂ ತುರುಕುವುದಿಲ್ಲ, ಓಬಿಡಿ ಪೋರ್ಟ್‌ಗೆ ವೈರ್‌ ಹಾಕಿ ಕಂಪ್ಯೂಟರನ್ನು ಕೇಳುತ್ತಾರೆ. ಚೆಕ್‌ ಎಂಜಿನ್‌ ದೀಪ ಉರಿಯಬಾರದು, ಮಾನಿಟರ್‌ಗಳು (ಕಂಪ್ಯೂಟರ್‌ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ರೆಡಿ ಇರಬೇಕು. ದೊಡ್ಡ ಕ್ಯಾಮ್‌ನಲ್ಲಿ ಕ್ರ್ಯಾಂಕ್‌ ಏರುಪೇರಾಗಿ ತಿರುಗುವುದನ್ನು ಕಂಪ್ಯೂಟರ್‌ ಮಿಸ್‌ಫೈರ್‌ ಅಂದುಕೊಂಡು ಪಿ0300 ಅನ್ನುವ ದೋಷದ ಕೋಡ್‌ ಹಾಕುತ್ತದೆ. ಕೆಲವು ಟ್ಯೂನರ್‌ಗಳು ಆ ಮಾನಿಟರ್‌ಗಳನ್ನೇ ಆಫ್‌ ಮಾಡಿ ‘ಸರಿಹೋಯ್ತು’ ಅಂತ ಕಳಿಸುತ್ತಾರೆ. ಅದು ಕಳ್ಳದಾರಿ. ಟೆಸ್ಟ್‌ನಲ್ಲೂ ಸಿಕ್ಕಿಬೀಳಬಹುದು. ನನ್ನ 216ರಲ್ಲಿ ಎಲ್ಲಾ ಮಾನಿಟರ್‌ ಆನ್‌ ಇವೆ, ಒಂದು ಸಲವೂ ಫೇಲ್‌ ಆಗಿಲ್ಲ.

ಇನ್ನು ಕೆಲಸ. ವಾಲ್ವ್‌ ಸ್ಪ್ರಿಂಗ್‌ ಮಾತ್ರ ಉಳಿಸಲು ಹೋಗಬೇಡಿ. ಹೊಸ ಕ್ಯಾಮ್‌ ವಾಲ್ವನ್ನು ಜಾಸ್ತಿ ಎತ್ತುತ್ತದೆ, ಹಳೇ ಸ್ಪ್ರಿಂಗ್‌ಗೆ ಅಷ್ಟು ತ್ರಾಣ ಇಲ್ಲ. ಒಂದು ಸ್ಪ್ರಿಂಗ್‌ ತುಂಡಾದರೆ ವಾಲ್ವ್‌ ಸಿಲಿಂಡರ್‌ ಒಳಗೆ ಬೀಳುತ್ತದೆ. ಆಮೇಲೆ ಎಂಜಿನ್ನೇ ಹೊಸದು ಹುಡುಕಬೇಕು. ಡ್ಯುಯಲ್‌ ಸ್ಪ್ರಿಂಗ್‌ ಹಾಕಿಸಿ, ಒಂದು ಹೋದರೂ ಇನ್ನೊಂದು ಹಿಡಿದಿರುತ್ತದೆ. ಪುಶ್‌ರಾಡ್‌ (ಲಿಫ್ಟರ್‌ನಿಂದ ವಾಲ್ವ್‌ ಕಡೆಗೆ ಒತ್ತುವ ಕಡ್ಡಿ) ಉದ್ದ ಅಳೆಸಿ ತಗೊಳ್ಳಿ. ಟೈಮಿಂಗ್‌ ಚೈನ್‌, ಆಯಿಲ್‌ ಪಂಪ್‌ ಹೇಗೂ ಎದುರಿಗೇ ಸಿಗುತ್ತವೆ. ಕ್ರ್ಯಾಂಕ್‌ ಪುಲ್ಲಿ ಬೋಲ್ಟ್‌ ಹೊಸದೇ ಬೇಕು. 37 ಪೌಂಡ್‌-ಅಡಿಗೆ ಬಿಗಿದು, ಮೇಲೆ 140 ಡಿಗ್ರಿ ತಿರುಗಿಸಬೇಕು. ಒಂದು ಸಲ ಹಾಗೆ ಹಿಗ್ಗಿದ ಬೋಲ್ಟ್‌ ಮತ್ತೆ ಕೆಲಸಕ್ಕೆ ಬಾರದು. ಸಿ5ನಲ್ಲಿ ಆ ಪುಲ್ಲಿ ಹೊರಬರಲು ಸ್ಟಿಯರಿಂಗ್‌ ರ‍್ಯಾಕ್‌ ಕೂಡ ಸರಿಸಬೇಕು. ಲೇಬರ್‌ ಬಿಲ್‌ ಯಾಕೆ ಅಷ್ಟು ಬಂತು ಅಂತ ಆಮೇಲೆ ಕೇಳಬೇಡಿ.

ನನ್ನ ಎದೆ ಹೊಡೆದುಕೊಂಡ ಜಾಗ ಒಂದಿದೆ. ಪುಶ್‌ರಾಡ್‌ ಎಲ್ಲಾ ತೆಗೆದ ಮೇಲೆ ಕ್ಯಾಮನ್ನು ಕೈಯಲ್ಲೇ ಎರಡು ಮೂರು ಸುತ್ತು ತಿರುಗಿಸಬೇಕು. ಲಿಫ್ಟರ್‌ಗಳು ಮೇಲೆದ್ದು ಪ್ಲಾಸ್ಟಿಕ್‌ ಟ್ರೇಯಲ್ಲಿ ಕಚ್ಚಿಕೊಂಡು ನಿಲ್ಲುತ್ತವೆ. ಆಗ ಕ್ಯಾಮ್‌ ಹೊರಗೆ ಜಾರುತ್ತದೆ. ಹಳೇ ಟ್ರೇ ಸವೆದಿದ್ದರೆ ಲಿಫ್ಟರ್‌ ನಿಲ್ಲದೆ ಕೆಳಗೆ ಬೀಳಬಹುದು. ಬಿತ್ತೋ, ಕೆಲಸ ಮೂರು ಪಟ್ಟು. ನಾನು ಕ್ಯಾಮ್‌ ಎಳೆಯುವಾಗ ಒಳಗಿಂದ ‘ಟಿಕ್‌’ ಅಂದಿತು. ಉಸಿರು ಬಿಗಿಹಿಡಿದು ಟಾರ್ಚ್‌ ಹಾಕಿ ಹದಿನಾರನ್ನೂ ಎಣಿಸಿದೆ. ಎಲ್ಲಾ ಇದ್ದವು. ಆ ಟಿಕ್‌ ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು. ಮೊದಲ ಸಲ ಕೆಲಸ ಮಾಡಿಸಿದ ಶಾಪ್‌ನಲ್ಲಿ ಪಂಪ್‌ಗೆ ಆಯಿಲ್‌ ಎಳೆಯುವ ಪಿಕಪ್‌ ಟ್ಯೂಬಿನ ಓ-ರಿಂಗನ್ನು ಓರೆಯಾಗಿ ಕೂರಿಸಿದ್ದರು. ಬೆರಳ ಗಾತ್ರದ ರಬ್ಬರ್‌ ಬಳೆ ಅದು. ಎಂಜಿನ್‌ ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್‌ ಪ್ರೆಶರ್‌ 15ಕ್ಕೆ ಇಳಿಯುತ್ತಿತ್ತು. ‘ಕ್ಯಾಮ್‌ ಹಾಕಿದರೆ ಹೀಗೇ’ ಅಂದರು. ನಂಬಿದೆ ನೋಡಿ, ಎರಡು ತಿಂಗಳು! ಆಮೇಲೆ ಪ್ಯಾನ್‌ ಇಳಿಸಿ ನೋಡಿದರೆ ಬಳೆ ಒಂದು ಕಡೆ ಕತ್ತರಿಸಿಹೋಗಿತ್ತು. ಪಂಪ್‌ ಅಲ್ಲಿಂದ ಗಾಳಿ ಹೀರುತ್ತಿತ್ತು. ಹೊಸ ಓ-ರಿಂಗ್‌ಗೆ ಆಯಿಲ್‌ ಸವರಿ ಹಾಕಿದಿರಾ ಅಂತ ಕೇಳಿಯೇ ದುಡ್ಡು ಕೊಡಿ.

ಕೊನೆಗೆ ಒಂದು ಹೋಂವರ್ಕ್‌. ದುಡ್ಡು ಕಟ್ಟುವ ಮುಂಚೆ ನಾಲ್ಕು ದಿನ ಫೋನ್‌ನಲ್ಲಿ ಆರ್‌ಪಿಎಂ ರೆಕಾರ್ಡ್‌ ಮಾಡಿ.

ಪ್ಲೇನೋ_ಸಿ5:

ಮಾಡಿದೆ ಸರ್‌. ಮುಕ್ಕಾಲು ಪಾಲು ಸಮಯ 1,300ರಿಂದ 2,200ರ ಒಳಗೆ. ಸಿಗ್ನಲ್‌ ಐಡಲ್ಲೇ ದಿನಕ್ಕೆ ಹನ್ನೆರಡು ನಿಮಿಷ. ನಾಲ್ಕು ದಿನದಲ್ಲಿ 5,000 ದಾಟಿದ್ದು ಎರಡೇ ಸಲ! 216/220, 114 ಅಂತ ಬೇರೆ ಶಾಪ್‌ನಲ್ಲಿ ಆರ್ಡರ್‌ ಕೊಟ್ಟೆ, ಡ್ಯುಯಲ್‌ ಸ್ಪ್ರಿಂಗ್‌ ಸಮೇತ. ಓ-ರಿಂಗ್‌ ವಿಷಯ ಕೇಳಿದಾಗ ಆ ಮೆಕ್ಯಾನಿಕ್‌ ನನ್ನನ್ನು ಒಂಥರಾ ನೋಡಿದ. ಆಮೇಲೆ ನಕ್ಕು, ‘ನಿಮಗೂ ಆಗಿದೆಯಾ?’ ಅಂದ.

ವಿ8_ಭಕ್ತ:

ಅದಿರಲಿ, ಆ ಎರಡು ಸಲ ಎಲ್ಲಿ ಅಂತ ಹೇಳಿ ಗುರೂ.